ಹೊಗೆ ನೋಡಿ ಶೇರು ಹಿಡಿದವರು

ನಾನು ಕೆಲಸ ಮಾಡಿದ ಶೇರು ಕಚೇರಿಯವರು ಹೋದ ತಿಂಗಳು ಫೋನ್ ಮಾಡಿದ್ದರು. ಹೊಸದಾಗಿ ನಾಲ್ಕು ಮಂದಿ ಸೇರಿದ್ದಾರೆ, ಅವರು ಓದುವ ಹಾಗೆ ನಿಮ್ಮ ಅನುಭವ ಒಂದಿಷ್ಟು ಬರೆದುಕೊಡಿ ಎಂದರು. ಹೂಂ ಅಂದುಬಿಟ್ಟೆ. ಆಮೇಲೆ ಎರಡು ವಾರ ಪೆನ್ನು ಮುಟ್ಟಲಿಲ್ಲ. ನಿವೃತ್ತಿಯ ದಿನ ನನಗೆ ಶಾಲು ಹೊದಿಸಿ, "ಇಪ್ಪತ್ತೆಂಟು ವರ್ಷದಾಗ ಶಂಕ್ರಪ್ಪನವರ ಮ್ಯಾಲೆ ಒಂದು ದೂರು ಇಲ್ಲ" ಎಂದು ಹೊಗಳಿದ್ದು ಇದೇ ಕಚೇರಿ. ಆ ಮಾತು ಕೇಳುವಾಗ ನಾನು ನನ್ನ ಚಪ್ಪಲಿ ನೋಡುತ್ತ ಕುಳಿತಿದ್ದೆ. ದೂರು ಬರದಿದ್ದದ್ದು ನಾನು ಒಳ್ಳೆಯವನಾದ್ದರಿಂದಲ್ಲ. ಕೊಡಬೇಕಾದವರಿಗೆ ಏನು ನಡೆಯಿತೆಂದು ಗೊತ್ತಿರಲಿಲ್ಲ, ಅಷ್ಟೇ. ಅದನ್ನು ಬಿಟ್ಟು ಬೇರೆ ಏನು ಬರೆದರೂ ಇನ್ನೊಂದು ಶಾಲು ಹೊದ್ದುಕೊಂಡಂತೆ ಆಗುತ್ತದೆ ಅನ್ನಿಸಿ, ಕೊನೆಗೆ ಅದನ್ನೇ ಬರೆಯಲು ಕುಳಿತಿದ್ದೇನೆ.

ಕೆಲಸ ಇಷ್ಟು. ಕೊಪ್ಪಳದ ಕಚೇರಿಯಲ್ಲಿ ಬೆಳಿಗ್ಗೆ ಒಂಬತ್ತೂಕಾಲಿನಿಂದ ಮಧ್ಯಾಹ್ನ ಮೂರೂವರೆವರೆಗೆ ಕಂಪ್ಯೂಟರಿನ ಮುಂದೆ ಕೂರಬೇಕು. ಗಿರಾಕಿ ಫೋನಿನಲ್ಲಿ ತಗೋ ಎಂದರೆ ತೆಗೆದುಕೊಳ್ಳಬೇಕು, ಮಾರು ಎಂದರೆ ಮಾರಬೇಕು. ಇಡಲೋ ಮಾರಲೋ ಎಂದು ಕೇಳಿದರೆ ಬಾಯಿ ಬಿಡಬಾರದು, ಸಲಹೆ ಕೊಡಬಾರದೆಂಬುದು ನಿಯಮ. ಕೇಳಿಸಿಕೊಂಡಾಗ ಸಲೀಸು. ಆದರೆ ದಿನಕ್ಕೆ ಮೂವತ್ತು ಜನ ಕೇಳುವುದು ಅದೊಂದನ್ನೇ. ಊಟಕ್ಕೆ ಎದ್ದಾಗಲೂ ಕೇಳುತ್ತಾರೆ, ಮದುವೆ ಮನೆಯಲ್ಲಿ ಅಕ್ಷತೆ ಕೈಯಲ್ಲಿ ಹಿಡಿದುಕೊಂಡೂ ಕೇಳುತ್ತಾರೆ.

ನಾನು ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಶೇರು ಎಂದರೆ ಕಾಗದ. ಮಾರಬೇಕಾದರೆ ಫಾರ್ಮಿಗೆ ಸಹಿ ಹಾಕಿ ಅಂಚೆಗೆ ಹಾಕುವುದು, ಸಹಿ ತಾಳೆಯಾಗದಿದ್ದರೆ ತಿಂಗಳಾದ ಮೇಲೆ ವಾಪಸ್ ಬರುವುದು. ತಾವರಗೇರಾದ ಒಬ್ಬ ಹೆಡ್‌ಮಾಸ್ತರರ ಕಾಗದ ಮೂರು ಸಲ ಹಾಗೆ ಬಂತು. ಅದಕ್ಕೂ ಹದಿನೈದು ವರ್ಷ ಹಿಂದೆ, ಶೇರು ಕೊಂಡಾಗ, ಅವರು ಹೆಸರನ್ನು ಪೂರ್ತಿ ಬರೆದು ಕೆಳಗೆ ಗೆರೆ ಎಳೆಯುತ್ತಿದ್ದರು. ಹೆಡ್‌ಮಾಸ್ತರ್ ಆದ ಮೇಲೆ ಸಹಿ ಬರೀ ಒಂದು ಸುರುಳಿಯಾಗಿತ್ತು. ಪಾಪ, ನಮ್ಮ ಕಚೇರಿಯ ಬೆಂಚಿನ ಮೇಲೆ ಕುಳಿತು, ಮಕ್ಕಳಿಗೆ ಕಾಪಿ ಬರೆಸಿದವರು ತಾವೇ ಕಾಪಿ ಬರೆದರು. ತಮ್ಮ ಹಳೇ ಸಹಿಯನ್ನು ಎರಡು ಪುಟ ತಿದ್ದಿ, "ಆ ಮನಷ್ಯಾ ಈಗ ಎಲ್ಲಿ ಸಿಗ್ತಾನ್ರಿ ಶಂಕ್ರಪ್ಪ?" ಎಂದು ನಕ್ಕರು. ನಾಲ್ಕನೆಯ ಸಲ ಕಾಗದ ಪಾಸಾಯಿತು. ಆ ಕಾಲದಲ್ಲಿ ಅವಸರದಿಂದ ಯಾರೂ ಹಾಳಾಗುತ್ತಿರಲಿಲ್ಲ. ಅವಸರ ಮಾಡುವುದಕ್ಕೆ ಅವಕಾಶವೇ ಇರಲಿಲ್ಲ.

ಕಂಪ್ಯೂಟರ್ ಬಂದ ಹೊಸದರಲ್ಲಿ ನಾನು ಮಾಡಿದ ದೊಡ್ಡ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಒಂದು ಗುಂಡಿ ಒತ್ತಿದರೆ ಕೊಳ್ಳುವ ನೀಲಿ ಚೌಕ ಬರುತ್ತದೆ, ಅದರ ಪಕ್ಕದ್ದು ಒತ್ತಿದರೆ ಮಾರುವ ಕೆಂಪು ಚೌಕ. ಗಂಗಾವತಿಯ ಅಕ್ಕಿ ವ್ಯಾಪಾರಿ ವೀರೇಶಪ್ಪ ತಮ್ಮ ಶೇರುಗಳನ್ನೆಲ್ಲ ಮಾರಲು ಹೇಳಿದರು. ನಾನು ನೀಲಿಯಲ್ಲಿ ಒತ್ತಿ, ಇದ್ದಷ್ಟನ್ನೇ ಇನ್ನೊಮ್ಮೆ ಕೊಂಡುಬಿಟ್ಟೆ. ಗೊತ್ತಾಗಿ ಅವರಿಗೆ ಹೇಳಲು ಫೋನ್ ಎತ್ತುವಷ್ಟರಲ್ಲಿ ರೇಟು ಏರತೊಡಗಿತು, ಫೋನ್ ಕೆಳಗಿಟ್ಟು ಕಾದೆ, ಮೂರು ಗಂಟೆಗೆ ಎಲ್ಲವನ್ನೂ ಮಾರಿದಾಗ ವೀರೇಶಪ್ಪನವರಿಗೆ ಒಳ್ಳೆಯ ಲಾಭವಾಗಿತ್ತು. ಮರುದಿನ ಗಂಗಾವತಿಯಿಂದ ಒಂದು ಡಬ್ಬಿ ಪೇಡೆ ಬಂತು.

ಆಗ ನಮ್ಮ ಮ್ಯಾನೇಜರ್ ದೇಶಪಾಂಡೆ ಸಾಹೇಬರು. ತೆಳ್ಳಗಿನ ಮನುಷ್ಯ, ಜೋರಾಗಿ ಮಾತಾಡಿದವರಲ್ಲ. ನಾನು ಪೇಡೆ ಡಬ್ಬಿ ಮುಂದೆ ಹಿಡಿದರೆ ಮುಟ್ಟಲಿಲ್ಲ.

"ಲಾಭ ಆತಲ್ರಿ ಸಾಹೇಬ್ರ," ಎಂದೆ.

"ಅದಕ್ಕ ನಾ ಮುಟ್ಟಲಿಲ್ಲ. ಲುಕ್ಸಾನ ಆಗಿದ್ರ ಸಾಯೂತನಕ ನೆನಪಿಡ್ತಿದ್ದಿ. ಲಾಭ ಆತು, ಇನ್ನ ಮರೀತಿ. ಶಂಕ್ರಪ್ಪ, ನಾವು ಬರೇ ಕೈ. ಗಿರಾಕಿದು ತಲಿ. ತಲಿ ಕೆಲಸ ಕೈ ಮಾಡಬಾರದು."

ಆ ಮಾತನ್ನು ಹತ್ತಾರು ವರ್ಷ ಮರೆಯದೆ ನಡೆದೆ ಎಂದು ಎದೆ ತಟ್ಟಿ ಹೇಳಬಲ್ಲೆ. ಸಾಹೇಬರು ನಿವೃತ್ತರಾಗಿ ಧಾರವಾಡಕ್ಕೆ ಹೋದರು. ಆಮೇಲೆ ಬಂದ ಮ್ಯಾನೇಜರುಗಳೆಲ್ಲ ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ಬಂದು ಹೋಗುವವರು. ಕಚೇರಿಯಲ್ಲಿ ನಾನೇ ಹಿರಿಯ. ಇನ್ನು ಮುಂದಿನದನ್ನು ಬರೆಯುವುದಕ್ಕೆ ಕೈ ಏಳುವುದಿಲ್ಲ, ಆದರೂ ಬರೆಯುತ್ತೇನೆ.

ಕೊರೊನಾ ಮುಗಿದ ಮೇಲೆ ಶೇರಿನ ಹುಚ್ಚು ನಮ್ಮ ಕಡೆಯೂ ಹೊಕ್ಕಿತು. ಕುಷ್ಟಗಿಯ ಬಟ್ಟೆ ಅಂಗಡಿಯವರು, ಗಂಗಾವತಿಯ ಮಿಲ್ಲಿನವರು, ಪಿಂಚಣಿ ಬಂದ ಮಾಸ್ತರರು ಎಲ್ಲರೂ ಬಂದರು. ದೊಡ್ಡ ಕಂಪನಿಗಳ ಹೆಸರು ಹೇಳಿದರೆ ನಮ್ಮ ಜನಕ್ಕೆ ನಂಬಿಕೆ ಬರುವುದಿಲ್ಲ. ಎಲ್ಲೋ ಮುಂಬೈಯಲ್ಲಿ ಇರುವುದನ್ನು ನೋಡಿದವರು ಯಾರು? ಆದರೆ ಗಿಣಿಗೇರಾ ಕಡೆ ಒಂದು ಸಣ್ಣ ಕಬ್ಬಿಣದ ಕಾರ್ಖಾನೆ ಇತ್ತು. ಅದರ ಶೇರು ಮಾರುಕಟ್ಟೆಯಲ್ಲಿ ಚಿಲ್ಲರೆ ಬೆಲೆಗೆ ಸಿಗುತ್ತಿತ್ತು. ಕಂಪನಿಯ ಹೆಸರು ಇಲ್ಲಿ ಬೇಡ, ನಾವೆಲ್ಲ ಅದನ್ನು ಚಿಮಣಿ ಎಂದೇ ಕರೆಯುತ್ತಿದ್ದೆವು. ರಸ್ತೆಯಿಂದ ಅದರ ಚಿಮಣಿ ಕಾಣುತ್ತಿತ್ತು. ಹೊಗೆ ಬರುತ್ತಿದ್ದರೆ ಭಟ್ಟಿ ಉರಿಯುತ್ತಿದೆ, ಭಟ್ಟಿ ಉರಿಯುತ್ತಿದ್ದರೆ ಕಬ್ಬಿಣ ಹೊರಡುತ್ತಿದೆ, ಕಬ್ಬಿಣ ಹೊರಡುತ್ತಿದ್ದರೆ ದುಡ್ಡು ಬರುತ್ತಿದೆ. ಕಣ್ಣಾರೆ ಕಾಣುವ ಕಂಪನಿ! ಇದಕ್ಕಿಂತ ಗಟ್ಟಿ ಆಧಾರ ಬೇರೆ ಬೇಕೇ ಎಂದು ಎಲ್ಲರೂ ಅದನ್ನೇ ಹಿಡಿದರು. ಒಂದೇ ವರ್ಷದಲ್ಲಿ ಅದರ ಬೆಲೆ ಆರು ಪಟ್ಟಾಯಿತು.

ಎಲ್ಲರಂತೆ ನಾನೂ ಹಿಡಿದೆ. ಮಗಳ ಮದುವೆ ಮಾಡಿ ಉಳಿದದ್ದು, ನಿವೃತ್ತಿಗೆ ಎಂದು ಇಟ್ಟದ್ದು, ಎಲ್ಲವನ್ನೂ ಚಿಮಣಿಗೆ ಸುರಿದೆ. ಹೆಂಡತಿಗೆ ಬ್ಯಾಂಕಿನಲ್ಲಿದೆ ಎಂದು ಹೇಳಿದ್ದೆ. ಎರಡೂವರೆ ದಶಕ ಬೇರೆಯವರ ಆಸೆಯನ್ನು ದೂರದಿಂದ ನೋಡಿ ಒಳಗೊಳಗೇ ನಕ್ಕವನು, ಅರವತ್ತರ ಹೊಸ್ತಿಲಲ್ಲಿ ಹೀಗೆ ಮುಗ್ಗರಿಸಿದೆ.

ನಮ್ಮ ಮನೆ ಮುನಿರಾಬಾದಿನಲ್ಲಿ. ದಿನಾ ಬಸ್ಸಿನಲ್ಲಿ ಗಿಣಿಗೇರಾ ದಾಟಿ ಕೊಪ್ಪಳಕ್ಕೆ ಬರುವವನು ನಾನು. ಯಲಬುರ್ಗಾ, ಕುಷ್ಟಗಿ ಕಡೆಯವರಿಗೆ ಕೊಪ್ಪಳಕ್ಕೆ ಬಂದರೂ ಗಿಣಿಗೇರಾ ದಾರಿಯಲ್ಲಿ ಸಿಗುವುದಿಲ್ಲ. ಹಾಗಾಗಿ ಬೆಳಿಗ್ಗೆ ಒಂಬತ್ತಕ್ಕೆ, ಮಾರುಕಟ್ಟೆ ತೆರೆಯುವ ಮೊದಲು, ನನಗೆ ಫೋನುಗಳು ಬರತೊಡಗಿದವು. ನಮಸ್ಕಾರವಿಲ್ಲ, ಊಟ ಆಯಿತೇ ಎಂಬುದಿಲ್ಲ. "ಶಂಕ್ರಪ್ಪಾರ, ಹೊಗಿ?" ನಾನು "ಐತ್ರಿ" ಎನ್ನುವುದು. ಕೆಲವರು "ಕರೇದೋ ಬಿಳೇದೋ?" ಎಂದೂ ಕೇಳುತ್ತಿದ್ದರು. ಕಪ್ಪು ಹೊಗೆ ಬಂದರೆ ಕೆಲಸ ಜೋರು ಎಂದು ಅವರದೇ ಒಂದು ಶಾಸ್ತ್ರ. ನಾನು ಕಿಟಕಿ ಪಕ್ಕದ ಸೀಟಿಗಾಗಿ ಒಂದು ಬಸ್ಸು ಮೊದಲೇ ಹೊರಡತೊಡಗಿದೆ. ಕೈ ಮಾತ್ರ ಆಗಿದ್ದವನು ಕಣ್ಣೂ ಆಗಿದ್ದೆ. ನಿಜ ಹೇಳಬೇಕೆಂದರೆ ನನಗದು ಹೆಮ್ಮೆ ಅನ್ನಿಸುತ್ತಿತ್ತು.

ಹೀಗೆ ಕೇಳುವವರಲ್ಲಿ ಯಲಬುರ್ಗಾದ ಗೌರಮ್ಮ ಸಿಸ್ಟರ್ ಒಬ್ಬರು. ಸರಕಾರಿ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು. ಮದುವೆಯಾಗಿರಲಿಲ್ಲ. ಸರಕಾರಿ ಕ್ವಾರ್ಟರ್ಸ್, ಬಾಡಿಗೆ ಕೋಣೆ ಇವುಗಳಲ್ಲೇ ಜೀವನ ಕಳೆದವರಿಗೆ ಒಂದೇ ಆಸೆ, ಸ್ವಂತದ್ದೊಂದು ಎರಡು ಕೋಣೆಯ ಮನೆ. ಯಲಬುರ್ಗಾದಲ್ಲಿ ಸಣ್ಣ ನಿವೇಶನ ಕೊಂಡು ಬುನಾದಿ ಹಾಕಿಸಿದ್ದರು. ಗೋಡೆಗೆ ಎಂದು ಇಟ್ಟುಕೊಂಡಿದ್ದ ನಿವೃತ್ತಿಯ ದುಡ್ಡು ಸುಮ್ಮನೆ ಬಿದ್ದಿದೆಯಲ್ಲ, ಒಂದು ವರ್ಷ ಚಿಮಣಿಯಲ್ಲಿ ಇಟ್ಟರೆ ಮೇಲೊಂದು ಕೋಣೆಯೂ ಆದೀತು ಎಂದು ಬಂದರು. ನಾನು ಬೇಡ ಎನ್ನಲಿಲ್ಲ, ಮಾಡಿ ಎಂದೂ ಹೇಳಲಿಲ್ಲ. ಅಲ್ಲಿಯವರೆಗೆ ನಿಯಮ ಮುರಿದಿರಲಿಲ್ಲ.

"ನಾಡಿ ಬಡೀತಿದ್ರ ಪೇಶಂಟ್ ಅದಾನ ಅಂತ ಅರ್ಥ. ನಿಮ್ಮ ಹೊಗೀನೂ ಹಂಗ ಅಲ್ಲೇನ್ರಿ?" ಎಂದು ಅವರೇ ಹೇಳಿ ನಕ್ಕಿದ್ದರು.

ಆಮೇಲೆ ಬೆಲೆ ಬೀಳತೊಡಗಿತು. ಮೊದಲು ನಿಧಾನವಾಗಿ ಬಿತ್ತು, ಆಮೇಲೆ ದಿನಾ ತಪ್ಪದೆ ಬಿತ್ತು. ಹೊಸಬರಿಗೆ ಇದೊಂದು ಗೊತ್ತಿರಲಿ. ಇಂಥ ಶೇರು ಒಂದು ದಿನದಲ್ಲಿ ಇಷ್ಟೇ ಬೀಳಬಹುದು ಎಂಬ ಮಿತಿ ಇರುತ್ತದೆ. ಅಷ್ಟು ಬಿದ್ದ ಮೇಲೆ ಅಲ್ಲೇ ನಿಲ್ಲುತ್ತದೆ. ಮಾರುವವರ ಸಾಲು ಬೆಳೆಯುತ್ತ ಹೋಗುತ್ತದೆ, ಕೊಳ್ಳುವ ಕಡೆ ಬರೀ ಸೊನ್ನೆ. ಬೆಂಕಿ ಬಿದ್ದ ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದಂತೆ. ಬೆಲೆ ಅರ್ಧವಾಯಿತು, ಕಾಲಾಯಿತು. ಆದರೆ ಬೆಳಿಗ್ಗೆ ನೋಡಿದರೆ ಹೊಗೆ ಇತ್ತು. ದಟ್ಟವಾಗಿಯೇ ಇತ್ತು.

ಹೊಗೆ ನೋಡಿ ನಾವೆಲ್ಲ ತಡೆದುಕೊಂಡೆವು. ಮುಂಬೈಯವರು ಆಟ ಆಡುತ್ತಿದ್ದಾರೆ, ಸಣ್ಣವರನ್ನು ಹೆದರಿಸಿ ಕಸಿದುಕೊಳ್ಳುವ ಹುನ್ನಾರ ಎಂದು ಒಬ್ಬರಿಗೊಬ್ಬರು ಹೇಳಿಕೊಂಡೆವು. ಕೆಲವರು ಇನ್ನಷ್ಟು ಕೊಂಡರು. ಕಡಿಮೆ ಬೆಲೆಗೆ ಮತ್ತೆ ಕೊಂಡರೆ ಸರಾಸರಿ ಇಳಿಯುತ್ತದಲ್ಲ, ಬೆಲೆ ಸ್ವಲ್ಪ ಏರಿದರೂ ಅಸಲು ಬರುತ್ತದೆ ಎಂಬ ಲೆಕ್ಕ. ಸೋತವನಿಗೆ ಇದರಷ್ಟು ಹಿತವಾದ ಲೆಕ್ಕ ಇನ್ನೊಂದಿಲ್ಲ. ಸಂಬಳದ ದುಡ್ಡಿನಲ್ಲಿ ನಾನೂ ಎರಡು ಸಲ ಹಾಗೆ ಮಾಡಿದೆ.

ಆ ದಿನಗಳಲ್ಲೇ ಒಂದು ಸಂಜೆ ವಾಪಸ್ ಹೋಗುವ ಬಸ್ಸಿನಲ್ಲಿ ಮಹಬೂಬ್ ಸಾಬ್ ಪಕ್ಕದಲ್ಲಿ ಕುಳಿತ. ಅದೇ ಕಾರ್ಖಾನೆಯಲ್ಲಿ ಲಾರಿ ತೂಕ ಮಾಡುವ ಕಾಟಾದ ಮೇಲೆ ಕೆಲಸ ಮಾಡುವವನು. ದಿನಾ ಮುಖ ನೋಡಿ ಪರಿಚಯವಾಗಿತ್ತು.

"ಭಟ್ಟಿ ಜೋರು ನಡದೈತಲ್ಲ ಸಾಬ್ರ," ಎಂದೆ. ಅವನ ಬಾಯಿಂದ ಒಂದು ಒಳ್ಳೆಯ ಮಾತು ಬೇಕಾಗಿತ್ತು ನನಗೆ.

"ಜೋರು ನಡದೈತ್ರಿ ಅಣ್ಣಾರ. ಹೊಸಾ ಮಾಲಕರು ಬಂದ ಮ್ಯಾಲೆ ಪಗಾರಾನೂ ಸರಿ ತಾರೀಖಿಗೆ ಬರಾಕತ್ತೈತಿ."

"ಹೊಸಾ ಮಾಲಕರು?"

"ಗೊತ್ತಿಲ್ಲೇನ್ರಿ? ಹಳೇ ಕಂಪನ್ಯಾರು ಭಟ್ಟಿ ಬ್ಯಾರೆಯವರಿಗೆ ಬಾಡಿಗಿ ಕೊಟ್ಟಾರ. ಸಾಲ ಭಾಳ ಆಗಿತ್ತು. ಬಾಡಿಗಿ ರೊಕ್ಕಾನೂ ಸೀದಾ ಬ್ಯಾಂಕಿಗೆ ಹೊಕ್ಕೈತಂತ." ಅಂಗಿಯ ಕಿಸೆಯಿಂದ ಗೇಟ್ ಪಾಸ್ ತೆಗೆದು ತೋರಿಸಿದ. ಅದರ ಮೇಲೆ ನಾನು ಕೇಳಿರದ ಕಂಪನಿಯ ಹೆಸರಿತ್ತು. "ಹೆಸರು ಬದಲಾತು ನೋಡ್ರಿ. ನಮಗೇನು, ಅದ ಕಾಟಾ, ಅದ ಲಾರಿ."

ಅಂದರೆ ದಿನಾ ನಾನು ಐತ್ರಿ ಐತ್ರಿ ಎಂದು ಸಾರಿದ ಹೊಗೆ ನಮ್ಮದಲ್ಲ. ನಮ್ಮ ಕೈಯಲ್ಲಿದ್ದದ್ದು ಸಾಲದಲ್ಲಿ ಮುಳುಗಿದ ಹಳೇ ಕಂಪನಿಯ ಚೂರುಗಳು. ಮರುದಿನ ಕಚೇರಿಯಲ್ಲಿ ಹುಡುಕಿದೆ. ಶೇರುಪೇಟೆಗೆ ಕಂಪನಿ ಕೊಟ್ಟ ಪತ್ರ ಮೂರು ವಾರದ ಹಿಂದೆಯೇ ಬಂದಿತ್ತು. ಇಂಗ್ಲಿಷಿನಲ್ಲಿ ಎರಡು ಸಾಲು, ಯಾರಾದರೂ ಓದಬಹುದಾಗಿತ್ತು. ಓದುವುದು ನನ್ನ ಕೆಲಸವೇ ಆಗಿತ್ತು. ನಾನು ಪತ್ರ ಓದುವುದು ಬಿಟ್ಟು ಚಿಮಣಿ ನೋಡುತ್ತಿದ್ದೆ.

ಅವತ್ತೇ ಎಲ್ಲರಿಗೂ ಫೋನ್ ಮಾಡಿ ಹೀಗಾಗಿದೆ ಎಂದು ಹೇಳಬೇಕಿತ್ತು. ಅದರಲ್ಲಿ ಇಡು, ಮಾರು ಎಂಬ ಸಲಹೆಯೇನೂ ಇರಲಿಲ್ಲ, ಬರೀ ಸುದ್ದಿ. ಹೇಳಲಿಲ್ಲ. ಯಾಕೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಗಿರಾಕಿಗಳು ಬೈಯುತ್ತಾರೆ ಎಂಬ ಹೆದರಿಕೆ ಇತ್ತು, ಸುಳ್ಳಲ್ಲ. ಆದರೆ ದೊಡ್ಡ ಕಾರಣ ಬೇರೆ. ಬಾಯಿಬಿಟ್ಟು ಹೇಳಿದರೆ ಅದು ನನಗೂ ನಿಜವಾಗಿಬಿಡುತ್ತಿತ್ತು. ಬಾಡಿಗೆ ಮುಗಿದ ಮೇಲೆ ಭಟ್ಟಿ ವಾಪಸ್ ಬರಬಹುದು, ಹೊಸಬರೇ ಕಂಪನಿಯನ್ನು ಕೊಳ್ಳಬಹುದು, ಮಹಬೂಬನಿಗೆ ಪೂರ್ತಿ ಗೊತ್ತಿಲ್ಲದಿರಬಹುದು ಎಂದು ಲೆಕ್ಕ ಹಾಕುತ್ತ ಕುಳಿತೆ. ಎಂಟು ದಿನ ಹಾಗೆಯೇ ಕಳೆದೆ.

ಒಂಬತ್ತನೆಯ ದಿನ ಬೆಳಿಗ್ಗೆ ಆಶ್ಚರ್ಯವೆಂಬಂತೆ ಚಿಲಕ ತೆರೆಯಿತು. ಎಲ್ಲಿಂದಲೋ ಕೊಳ್ಳುವವರು ಬಂದರು. ಸೊನ್ನೆ ಇದ್ದ ಕಡೆ ಸಾವಿರಗಳು ಕಾಣಿಸಿದವು. ಮಾರಬೇಕೆಂದವರಿಗೆ ಅವತ್ತು ದಾರಿ ಇತ್ತು, ಸುಮಾರು ಒಂದು ತಾಸು. ಆಗ ಗೌರಮ್ಮ ಸಿಸ್ಟರ್ ಫೋನು ಬಂತು. ಯಾರೋ ಅವರಿಗೆ ಹೇಳಿದ್ದರು.

"ಶಂಕ್ರಪ್ಪಾರ, ಇವತ್ತು ಮಾರಿದ್ರ ಹೊಕ್ಕಾವಂತಲ್ಲ. ಬುನಾದಿ ಮ್ಯಾಲೆ ಗ್ವಾಡಿನಾದ್ರೂ ಏರಸಬಹುದು ಇಷ್ಟರಾಗ. ಮಾಳಗಿ ಆಮ್ಯಾಲೆ ನೋಡಿಕೊಂತೀನಿ. ಏನ್ ಮಾಡ್ಲಿ ಗೊತ್ತಾಗವಲ್ದು."

ನಿಯಮ ಇದೆಯಲ್ಲ, ಸಲಹೆ ಕೊಡಬಾರದು.

"ಅದು ಬಿಡ್ರಿ. ಇದೊಂದು ಹೇಳ್ರಿ. ಹೊಗಿ ಐತೇನ್ರಿ?"

ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಓಡಿದ್ದನ್ನು ಮುಚ್ಚಿಡುವುದಿಲ್ಲ. ಇವರು ಮಾರಿದರೆ ಎಲ್ಲರೂ ಮಾರುತ್ತಾರೆ, ಎಲ್ಲರೂ ಮಾರಿದರೆ ಬೆಲೆ ಮತ್ತೆ ಕುಸಿಯುತ್ತದೆ, ಇವತ್ತು ತಿರುಗಿದ ಗಾಳಿ ನಿಂತುಹೋಗುತ್ತದೆ. ನನ್ನದು ಉಳಿಯಬೇಕಾದರೆ ಅವರದು ಅಲ್ಲೇ ಇರಬೇಕು. ಯಲಬುರ್ಗಾದ ಒಬ್ಬ ನರ್ಸಿನ ಶೇರಿನಿಂದ ಮಾರುಕಟ್ಟೆ ಏಳುವುದೂ ಇಲ್ಲ, ಬೀಳುವುದೂ ಇಲ್ಲ ಎಂಬುದು ಮೊದಲ ದಿನ ಕಲಿಯುವ ಪಾಠ. ಅದನ್ನೂ ಮರೆತಿದ್ದೆ.

"ಐತ್ರಿ," ಎಂದೆ.

"ಹಂಗಾರ ಇರಲಿ ಬಿಡ್ರಿ," ಎಂದು ಫೋನಿಟ್ಟರು.

ನಾನೂ ಅವತ್ತು ಮಾರಲಿಲ್ಲ. ಅದನ್ನು ಸಮರ್ಥನೆಗೆಂದು ಹೇಳುತ್ತಿಲ್ಲ. ನಾನು ತಿಳಿದು ಮುಳುಗಿದೆ, ಅವರು ತಿಳಿಯದೆ ಮುಳುಗಿದರು. ಮಧ್ಯಾಹ್ನದ ಹೊತ್ತಿಗೆ ಕೊಳ್ಳುವ ಕಡೆ ಮತ್ತೆ ಸೊನ್ನೆ. ಆಮೇಲೆ ಚಿಲಕ ತೆರೆಯಲೇ ಇಲ್ಲ. ಕೆಲವು ತಿಂಗಳಲ್ಲಿ ಆ ಶೇರಿನ ವ್ಯವಹಾರವನ್ನೇ ನಿಲ್ಲಿಸಿದರು. ಈಗ ಅದನ್ನು ಬರೀ ನೋಡಬಹುದು, ಮಾರಲು ಬರುವುದಿಲ್ಲ.

ಬಹಳ ಜನ ಒಂದೇ ಶೇರಿನಲ್ಲಿ ಕಳೆದುಕೊಂಡಿದ್ದರಿಂದ ಹುಬ್ಬಳ್ಳಿಯಿಂದ ತಪಾಸಣೆಗೆ ಒಬ್ಬರು ಬಂದರು. ನಮ್ಮ ಕಚೇರಿಯ ಫೋನಿನಲ್ಲಿ ಆಡಿದ ಮಾತೆಲ್ಲ ರೆಕಾರ್ಡ್ ಆಗುತ್ತದೆ, ಹೊಸಬರು ತಿಳಿದಿರಬೇಕು. ಆ ದಿನದ್ದನ್ನೂ ಹಾಕಿ ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಹೊಗಿ ಐತೇನ್ರಿ ಎಂಬ ಅವರ ದನಿ. ಆಮೇಲೆ ಸದ್ದಿಲ್ಲ, ಹಿಂದೆ ಬರೀ ಫ್ಯಾನ್ ತಿರುಗುವುದು. ಐತ್ರಿ ಎಂಬ ನನ್ನ ದನಿ. ಆತ ರೆಕಾರ್ಡಿಂಗ್ ನಿಲ್ಲಿಸಿ, "ಹೊಗಿ ಅಂದ್ರ ಏನ್ರಿ?" ಎಂದರು. ನಮ್ಮ ಕಡೆ ಹಾಗೆ ಮಾತಾಡುತ್ತಾರೆ ಎಂದೆ. "ಸಲಹೆ ಇಲ್ಲ, ಶಿಫಾರಸು ಇಲ್ಲ. ಛಲೋ ಹ್ಯಾಂಡಲ್ ಮಾಡೀರಿ," ಎಂದು ಬರೆದುಕೊಂಡು, ಮುಂದಿನ ಕರೆಗೆ ಹೋದರು. ಶಾಲು ಬಂದದ್ದು ಅದರ ಮರುವರ್ಷ.

ನಿವೃತ್ತಿಯಾದ ಮೇಲೂ ಒಂದೂವರೆ ವರ್ಷ ಯಲಬುರ್ಗಾದ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಹೆಂಡತಿಗೆ ಹೇಳಿದೆ. ಆಕೆ ಎರಡು ದಿನ ಮಾತು ಬಿಟ್ಟಳು, ಮೂರನೆಯ ದಿನ, "ಹೋಗ್ಲಿ, ನಿಮ್ಮನ್ನ ನಂಬಿದವರಿಗೂ ಹೇಳೀರೇನು?" ಎಂದಳು. ಕಚೇರಿಯಿಂದ ಬರೆದುಕೊಡಿ ಎಂಬ ಫೋನು ಬಂದಾಗಲೂ ಆ ಮಾತು ಕಿವಿಯಲ್ಲೇ ಇತ್ತು. ಹೋದ ವಾರ ಹೋದೆ.

ಗೌರಮ್ಮ ಸಿಸ್ಟರ್ ಇನ್ನೂ ಬಾಡಿಗೆ ಕೋಣೆಯಲ್ಲೇ ಇದ್ದರು. ಕೋಣೆಯ ಎದುರಿಗೇ ಅವರ ಬುನಾದಿ. ಆ ಕಲ್ಲುಗಳ ಮೇಲೆ ಓಣಿಯ ಹೆಂಗಸರು ಶಾವಿಗೆ ಒಣಗಹಾಕಿದ್ದರು. ಸಿಸ್ಟರ್ ನನ್ನನ್ನು ನೋಡಿ ಖುಷಿಯಿಂದ ಕುರ್ಚಿ ಹಾಕಿದರು. ನೀರು ಕುಡಿಯುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ. ಮಹಬೂಬ್, ಗೇಟ್ ಪಾಸ್, ಎಂಟು ದಿನ, ಫೋನು. ಮುಖ ಎತ್ತಿ ನೋಡುವ ಧೈರ್ಯವಾಗಲಿಲ್ಲ.

ಅವರು ಕೇಳಿದರು, "ಅಂದ್ರ ನಾ ಕೇಳಿದಾಗ ನಿಮಗ ಗೊತ್ತಿತ್ತು?"

"ಗೊತ್ತಿತ್ರಿ."

"ಅವತ್ತು ಹೇಳಿದ್ರ ನಾ ಮಾರ್ತಿದ್ನೋ ಇಲ್ಲೋ, ಅದು ದೇವರಿಗೆ ಗೊತ್ತು. ಆಶಾ ಅನ್ನೂದು ನನಗೂ ಇತ್ತು. ಆದ್ರ ಮಾರೋದು ಬಿಡೋದು ನಂದಿತ್ರಿ. ಅದನ್ನ ನೀವು ಕಸಗೊಂಡ್ರಿ." ದನಿ ಏರಿಸಲಿಲ್ಲ. ಏರಿಸಿದ್ದರೆ ತಡೆದುಕೊಳ್ಳುತ್ತಿದ್ದೆ. "ಪೇಶಂಟ್ ಹೋಗ್ಯಾನ ಅಂತ ಮನಿ ಮಂದಿಗೆ ಹೇಳೋದು ಎಷ್ಟು ತ್ರಾಸಿನ ಕೆಲಸ ಅನ್ನೂದು ನನಗ ಗೊತ್ತೈತಿ. ಮೂವತ್ತು ವರ್ಷ ಮಾಡೀನಿ. ನಾಡಿ ಐತಿ ಅಂತ ಒಬ್ಬರಿಗೂ ಸುಳ್ಳು ಹೇಳಿಲ್ಲ ನಾ."

ತಪ್ಪಾಯಿತು ಎಂದೆ. ನನ್ನ ಕೈಲಾದಷ್ಟು ತಿಂಗಳು ತಿಂಗಳು ಕೊಡುತ್ತೇನೆ ಎಂದೆ. "ನಂದು ಪಿಂಚಣಿ ಐತಿ, ಉಪಾಸ ಇಲ್ಲ," ಎಂದು ಎದ್ದು ಚಹಾ ಮಾಡಿದರು. ಆ ಚಹಾ ಕುಡಿದದ್ದು ನನ್ನ ಜೀವನದ ಅತ್ಯಂತ ಕಷ್ಟದ ಕೆಲಸ. ಹೊರಡುವಾಗ ಬಾಗಿಲತನಕ ಬಂದು, "ಇನ್ನ ಮ್ಯಾಲೆ ಆ ಚಿಮಣಿ ಸುದ್ದಿ ನನಗ ಬ್ಯಾಡ್ರಿ. ನೀವೂ ನೋಡೋದು ಬಿಡ್ರಿ," ಎಂದರು.

ಹೊಸದಾಗಿ ಸೇರಿದವರೇ, ನಿಮ್ಮ ಕಾಲದಲ್ಲಿ ಫೋನು ಕಡಿಮೆಯಾಗಿ ಎಲ್ಲರೂ ಮೊಬೈಲಿನಲ್ಲೇ ಒತ್ತಿಕೊಳ್ಳುತ್ತಾರೆ. ಆದರೂ ನಿಮ್ಮ ಹತ್ತಿರ ಬಂದು ಕೇಳುವವರು ಇದ್ದೇ ಇರುತ್ತಾರೆ. ಸಲಹೆ ಕೊಡಬೇಡಿ, ಸರಿ. ಆದರೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು, ಗೊತ್ತಿದ್ದದ್ದನ್ನು ನುಂಗಬೇಡಿ. ನುಂಗಿದರೂ ಕಾಯ್ದೆ ನಿಮ್ಮನ್ನು ಹಿಡಿಯುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ಅವತ್ತು ಯಲಬುರ್ಗಾದಿಂದ ಬಂದು ಕೊಪ್ಪಳದಲ್ಲಿ ಬಸ್ಸು ಬದಲಿಸಿ ಮುನಿರಾಬಾದಿಗೆ ಹೊರಟೆ. ಸಿಸ್ಟರ್ ಮಾತು ನೆನೆದು ಬೇಕೆಂದೇ ಕಿಟಕಿ ಬಿಟ್ಟು ಈಚೆ ಸೀಟಿನಲ್ಲಿ ಕುಳಿತೆ. ಗಿಣಿಗೇರಾ ಬರುತ್ತಿದ್ದಂತೆ ಕಣ್ಣು ಮುಚ್ಚಿಕೊಳ್ಳೋಣ ಎಂದುಕೊಂಡೆ. ಆದರೆ ಪಕ್ಕದವರ ಹೆಗಲಿನ ಮೇಲಿಂದ ಕತ್ತು ತಾನಾಗಿಯೇ ತಿರುಗಿತು. ಹೊಗೆ ಬರುತ್ತಿತ್ತು, ಕಪ್ಪಗೆ, ದಟ್ಟವಾಗಿ. ಎಲ್ಲ ಗೊತ್ತಿದ್ದೂ, ಸಿಸ್ಟರ್ ಮನೆಯ ಚಹಾ ಇನ್ನೂ ಬಾಯಲ್ಲಿರುವಾಗಲೇ, ನನ್ನ ಎದೆಗೆ ಒಂದು ಗಳಿಗೆ ಸಮಾಧಾನವಾಯಿತು.